ಬೆಟ್ ದಾವೆಯ ಸರಣಿ ಮುಗಿಯಿತು: ತಿದ್ದಿದವರಿಗೆ ನಮಸ್ಕಾರ

ಬ್ರಿಟಿಷರ ವಿರುದ್ಧ ಅಮೆರಿಕದ ವಸಾಹತುಗಳ ಯುದ್ಧ ನಡೆಯುತ್ತಿದ್ದಾಗಲೇ, 1781ರಲ್ಲಿ, ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಊರಿನ ಗುಲಾಮ ಹೆಂಗಸು ಬೆಟ್ ತನ್ನ ಒಡೆಯ ಜಾನ್ ಆಶ್ಲಿಯನ್ನು ಕೋರ್ಟಿಗೆಳೆದಳು. ಆ ದಾವೆಯ ಬಗೆಗಿನ ನಮ್ಮ ಸರಣಿ ಈ ವಾರ ಮುಗಿಯಿತು. ಮೆಚ್ಚಿದವರಿಗೆ ಋಣಿ, ತಪ್ಪು ಹಿಡಿದವರಿಗೆ ಇನ್ನೂ ಹೆಚ್ಚು.

ಮೊದಲು ವಕೀಲ ಮಿತ್ರರಿಗೆ. ‘ಬಿಡುಗಡೆಯ ಅರ್ಜಿ’ ಎಂದಿದ್ದನ್ನು ಹೊಡೆದುಹಾಕಿಸಿದವರು ಅವರೇ. ಅದು ‘ರೆಪ್ಲೆವಿನ್’, ಅಂದರೆ ಅನ್ಯಾಯವಾಗಿ ಹಿಡಿದಿಟ್ಟುಕೊಂಡ ದನಕರು, ಸಾಮಾನು ವಾಪಸು ಕೊಡಿಸುವ ದಾವೆ. ಮನುಷ್ಯರನ್ನು ಸ್ವತ್ತೆಂದು ಎಣಿಸುತ್ತಿದ್ದ ಕಾನೂನನ್ನೇ ವಕೀಲ ಥಿಯೊಡೋರ್ ಸೆಜ್‌ವಿಕ್ ಒಡೆಯನ ಮೇಲೆ ತಿರುಗಿಸಿದರು! ಬೆಟ್ ಜೊತೆಗೆ ಬ್ರೊಮ್ ಎಂಬಾತನೂ ವಾದಿ. ಇಬ್ಬರನ್ನೂ ಬಿಡಬೇಕೆಂಬ ಆದೇಶ ಮೇ ತಿಂಗಳಲ್ಲಿ ಹೊರಟಿತು. ಇವರು ತನ್ನ ಜೀವಾವಧಿ ಚಾಕರರೆಂದು ಆಶ್ಲಿ ಬಿಡಲೊಪ್ಪಲಿಲ್ಲ. ಒಪ್ಪಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಪ್ಪದ್ದರಿಂದ ಒಡೆತನದ ಪ್ರಶ್ನೆಯೇ ಗ್ರೇಟ್ ಬ್ಯಾರಿಂಗ್ಟನ್‌ನ ಜ್ಯೂರಿ ಮುಂದೆ ಬಂತು. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು 1780ರ ರಾಜ್ಯ ಸಂವಿಧಾನದ ಮೊದಲ ವಿಧಿ ಸಾರಿದ ಮೇಲೆ ಈ ಒಡೆತನಕ್ಕೆ ಆಧಾರವೆಲ್ಲಿ ಎಂಬುದು ವಾದ.

ಆಗಸ್ಟ್‌ನಲ್ಲಿ ಇಬ್ಬರೂ ಗೆದ್ದರು. ಪರಿಹಾರ 30 ಷಿಲಿಂಗ್, ಅಂದರೆ ಒಂದೂವರೆ ಪೌಂಡ್. ದಾವೆಯ ಖರ್ಚು ಬೇರೆ. (ಇಂದಿನ ರೂಪಾಯಿ ಲೆಕ್ಕ ಹಾಕಿ ಕಳಿಸಿದವರ ಶ್ರಮಕ್ಕೆ ವಂದನೆ. ಲೆಕ್ಕವನ್ನು ಮಾತ್ರ ಬಳಸಲಿಲ್ಲ.)

‘ಈ ತೀರ್ಪಿನಿಂದ ರಾಜ್ಯದಲ್ಲಿ ಗುಲಾಮಗಿರಿ ರದ್ದಾಯಿತು’ ಎಂಬ ನಮ್ಮ ಸಾಲನ್ನು ಇಬ್ಬರು ಓದುಗರು ಬಿಡಲಿಲ್ಲ. ಅವರದೇ ಸರಿ. ಇದು ಕೆಳ ನ್ಯಾಯಾಲಯದ ತೀರ್ಪು, ಬಿಡುಗಡೆಯಾದದ್ದು ಇಬ್ಬರಿಗೆ. ಆಶ್ಲಿ ಮೇಲ್ಮನವಿ ಹಾಕಿ ಹಿಂತೆಗೆದುಕೊಂಡದ್ದರಿಂದ ಮೇಲಿನ ನ್ಯಾಯಾಲಯ ಈ ದಾವೆಯ ಬಗ್ಗೆ ಏನೂ ಹೇಳಬೇಕಾಗಲಿಲ್ಲ. ಸಂವಿಧಾನಕ್ಕೂ ಗುಲಾಮಗಿರಿಗೂ ಹೊಂದದು ಎಂದು ಮುಖ್ಯ ನ್ಯಾಯಮೂರ್ತಿ ವಿಲಿಯಂ ಕುಷಿಂಗ್ ಜ್ಯೂರಿಗೆ ತಿಳಿಸಿದ್ದು 1783ರಲ್ಲಿ, ಕ್ವಾಕ್ ವಾಕರ್ ಪ್ರಕರಣದಲ್ಲಿ.

ಕೊನೆಯದಾಗಿ, ಸೆಜ್‌ವಿಕ್ ಮಗಳು ಕ್ಯಾಥರಿನ್ ಬರೆದಿಟ್ಟ ಪ್ರಸಂಗವನ್ನು ಕೈಬಿಡಬೇಡಿ ಎಂದು ಪಟ್ಟು ಹಿಡಿದವರಿಗೆ. ಆಶ್ಲಿಯ ಹೆಂಡತಿ ಕಾದ ಸಲಿಕೆ ಬೀಸಿದಾಗ ಬೆಟ್ ಅಡ್ಡ ಬಂದಳು, ತೋಳು ಸುಟ್ಟಿತು. ಆ ಗಾಯವನ್ನು ಆಕೆ ಬಟ್ಟೆಯಿಂದ ಮುಚ್ಚಲಿಲ್ಲ, ಕೇಳಿದವರು ಕೇಳಲಿ ಎಂದು.

ಗೆದ್ದ ಮೇಲೆ ಆಕೆ ಎಲಿಜಬೆತ್ ಫ್ರೀಮನ್ ಎಂಬ ಹೆಸರಿಟ್ಟುಕೊಂಡಳು. ಸೆಜ್‌ವಿಕ್ ಮನೆಯಲ್ಲಿ ಸಂಬಳಕ್ಕೆ ದುಡಿದಳು, ಸೂಲಗಿತ್ತಿಯಾದಳು, ಸ್ಟಾಕ್‌ಬ್ರಿಜ್‌ನಲ್ಲಿ ಸ್ವಂತ ಮನೆ ಮಾಡಿದಳು. ತಿದ್ದಿದ ಪ್ರತಿಯಲ್ಲಿ ತೀರ್ಪಿನವರೆಗೆ ‘ಬೆಟ್’, ಅಲ್ಲಿಂದಾಚೆಗೆ ‘ಫ್ರೀಮನ್’ ಎಂದೇ ಇರುತ್ತದೆ.