ಹಳ್ಳಿ ಗ್ರಂಥಾಲಯಕ್ಕೆ ಬೀಗ ಬೇಡ

ಸಂಪಾದಕರಿಗೆ,
ನಮಸ್ಕಾರ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಪಂಚಾಯಿತಿಗೊಂದು ಗ್ರಂಥಾಲಯ ಯಾಕೆ, ಆ ದುಡ್ಡನ್ನು ರಸ್ತೆಗಾದರೂ ಹಾಕಿ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ಸುಳ್ಳಲ್ಲ. ಯಾವಾಗ ತೆರೆಯುತ್ತದೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲದ, ಕಪಾಟಿನ ಕೀಲಿಕೈ ಇನ್ನೆಲ್ಲೋ ಇರುವ ಗ್ರಂಥಾಲಯಗಳನ್ನು ನಾನೂ ಕಂಡಿದ್ದೇನೆ. ಆದರೆ ಅದಕ್ಕೆ ಮದ್ದು ಬೀಗ ಹಾಕುವುದಲ್ಲ. ಜೂನ್ 19 ಹತ್ತಿರ ಬರುತ್ತಿದೆ. ಕೇರಳದಲ್ಲಿ ಅದು ವಾಚನ ದಿನ, ಅಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಮಾಸ್ಟ್ರು ತೀರಿಕೊಂಡ ದಿನ. ನಾನು ಕಾಸರಗೋಡು ಜಿಲ್ಲೆಯವನು, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಪಣಿಕ್ಕರ್ ಮಾಸ್ಟ್ರ ವಿಚಾರ ನಮ್ಮ ಕಡೆಯ ಮಕ್ಕಳಿಗೆ ಗೊತ್ತಿದೆ, ಗಟ್ಟದ ಮೇಲಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ಪಣಿಕ್ಕರ್ ಹುಟ್ಟಿದ್ದು 1909ರ ಮಾರ್ಚ್ 1ರಂದು, ಕುಟ್ಟನಾಡಿನ ನೀಲಂಪೇರೂರಿನಲ್ಲಿ. ನೀರು, ಗದ್ದೆ, ದೋಣಿಗಳ ಸೀಮೆ ಅದು. 1926ರಲ್ಲಿ, ಇನ್ನೂ ಚಿಗುರು ಮೀಸೆಯ ವಯಸ್ಸಿನಲ್ಲಿ, ತಮ್ಮೂರಲ್ಲೇ ಒಂದು ವಾಚನಾಲಯ ಶುರುಮಾಡಿದರು. ಹೊಟ್ಟೆಪಾಡಿಗೆ ಹಿಡಿದದ್ದು ಪ್ರಾಥಮಿಕ ಶಾಲೆಯ ಮಾಸ್ಟ್ರ ಕೆಲಸ. ದೊಡ್ಡ ಪದವಿಯಿಲ್ಲ. ಪುಸ್ತಕ ಇದ್ದಲ್ಲಿ ಜನ ಸೇರಬೇಕು, ಜನ ಸೇರಿದಲ್ಲಿ ಪುಸ್ತಕ ಇರಬೇಕು ಎಂಬ ಹಟ ಒಂದಿತ್ತು.

1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳವರನ್ನು ಒಂದೆಡೆ ಸೇರಿಸಿದರು. ಆಗಿನ ತಿರುವಾಂಕೂರು ಸಂಸ್ಥಾನದ ದಿವಾನ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಬಂದು ಉದ್ಘಾಟಿಸಿದರು. ತಿರುವಾಂಕೂರು ಗ್ರಂಥಶಾಲಾ ಸಂಘ ಹುಟ್ಟಿದ್ದು ಹಾಗೆ. ನನಗೆ ಮುಖ್ಯವಾಗಿ ಕಾಣುವುದು ಇದು: 'ನಮಗೆ ಗ್ರಂಥಾಲಯ ಕಟ್ಟಿಸಿಕೊಡಿ' ಎಂದು ಪಣಿಕ್ಕರ್ ಅರ್ಜಿ ಹಿಡಿದು ಹೋದವರಲ್ಲ. ಊರವರು ಆಗಲೇ ಚಂದಾ ಎತ್ತಿ, ಯಾರದೋ ಜಗಲಿಯಲ್ಲೋ ಅಂಗಡಿಯ ಮಾಳಿಗೆಯಲ್ಲೋ ನಡೆಸುತ್ತಿದ್ದವನ್ನು ಹುಡುಕಿ ಒಂದೇ ದಾರಕ್ಕೆ ಪೋಣಿಸಿದರು. ಸರ್ಕಾರದ ಅನುದಾನವೂ ಬಂತು, ಶಾಲೆಯ ಕೆಲಸ ಬಿಟ್ಟು ಪೂರ್ತಿ ಸಂಘಕ್ಕೇ ದುಡಿಯಲು ಅವರಿಗೆ ಅನುಮತಿಯೂ ಸಿಕ್ಕಿತು. ಆದರೆ ಅದೆಲ್ಲ ಆಮೇಲಿನ ಮಾತು. ಊರು ಮೊದಲು, ಸರ್ಕಾರ ನಂತರ.

1956ರಲ್ಲಿ ಕೇರಳ ರಾಜ್ಯವಾಯಿತು, ಸಂಘದ ಹೆಸರೂ ಕೇರಳ ಗ್ರಂಥಶಾಲಾ ಸಂಘ ಎಂದಾಯಿತು. (ಅದೇ ವರ್ಷ ಕಾಸರಗೋಡು ಕೇರಳದ ಪಾಲಾದದ್ದು, ಆ ನೋವು ಇಲ್ಲಿ ಬೇಡ.) ಪಣಿಕ್ಕರ್ ಮೂರು ದಶಕಕ್ಕೂ ಮಿಕ್ಕಿ ಅದರ ಕಾರ್ಯದರ್ಶಿಯಾಗಿದ್ದರು. 47 ಇದ್ದದ್ದು ಸಾವಿರಗಟ್ಟಲೆಯಾಯಿತು. 1970ರಲ್ಲಿ ಸಂಘಕ್ಕೆ ಇಪ್ಪತ್ತೈದು ತುಂಬಿದಾಗ ಅವರು ಸಭಾಂಗಣದಲ್ಲಿ ಹಾರ ಹಾಕಿಸಿಕೊಂಡು ಕೂರಲಿಲ್ಲ. ದಕ್ಷಿಣದ ತುದಿಯ ಪಾರಶಾಲೆಯಿಂದ ನಮ್ಮ ಕಾಸರಗೋಡಿನ ತನಕ ಜಾಥಾ ಹೊರಟರು, ಅದೂ ಬಹುಪಾಲು ಕಾಲ್ನಡಿಗೆಯಲ್ಲಿ. 'ಓದಿ ಬೆಳೆಯಿರಿ' ಎಂಬುದು ಘೋಷಣೆ. ಆಗ ಅವರಿಗೆ ಅರುವತ್ತು ದಾಟಿತ್ತು. 1975ರಲ್ಲಿ ಸಾಕ್ಷರತೆಯ ಕೆಲಸಕ್ಕಾಗಿ ಸಂಘಕ್ಕೆ ಯುನೆಸ್ಕೋದ ಕ್ರುಪ್‌ಸ್ಕಾಯ ಪ್ರಶಸ್ತಿ ಬಂತು. ಪುಸ್ತಕ ಇಟ್ಟುಕೊಂಡು ಓದುಗನಿಗಾಗಿ ಕಾಯುತ್ತ ಕೂತಿದ್ದರೆ ಆ ಪ್ರಶಸ್ತಿ ಬರುತ್ತಿರಲಿಲ್ಲ. ಓದಲು ಬಾರದವರಿಗೆ ಅಕ್ಷರ ಕಲಿಸುವುದೂ ಗ್ರಂಥಾಲಯದ್ದೇ ಕೆಲಸ ಎಂದು ಅವರು ಹಿಡಿದಿದ್ದರು.

1977ರಲ್ಲಿ ಸಂಘದ ಆಡಳಿತವನ್ನು ಸರ್ಕಾರ ತೆಗೆದುಕೊಂಡಿತು. ತಾನೇ ಕಟ್ಟಿದ್ದು ಕೈತಪ್ಪಿದಾಗ ಬೇರೆಯವರಾಗಿದ್ದರೆ ಮನೆ ಸೇರುತ್ತಿದ್ದರು. ಪಣಿಕ್ಕರ್ ಅದೇ ವರ್ಷ ಅನೌಪಚಾರಿಕ, ಎಂದರೆ ಶಾಲೆಯ ಹೊರಗಿನ, ಶಿಕ್ಷಣಕ್ಕೆಂದು 'ಕಾನ್‌ಫೆಡ್' ಎಂಬ ಇನ್ನೊಂದು ಸಂಸ್ಥೆ ಶುರುಮಾಡಿದರು. 1991ರ ಏಪ್ರಿಲ್‌ನಲ್ಲಿ ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದ್ದನ್ನು ಕಣ್ಣಾರೆ ಕಂಡು, 1995ರಲ್ಲಿ ತೀರಿಕೊಂಡರು.

ಕೇರಳದ್ದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಗ್ರಂಥಾಲಯ ಸಮಿತಿಯ ಚುನಾವಣೆಗೂ ಪಕ್ಷದ ಬಣ್ಣ ಮೆತ್ತಿಕೊಂಡಿದೆ. ಗ್ರಂಥಪಾಲಕರಿಗೆ ಸಿಗುವ ಗೌರವಧನ ಅಲ್ಲೂ ಅಷ್ಟಕ್ಕಷ್ಟೆ. ನಮ್ಮ ಗಡಿಭಾಗದ ಕೆಲವು ವಾಚನಾಲಯಗಳಲ್ಲಿ ಕನ್ನಡ ಪುಸ್ತಕ ಎಂದರೆ ಕಪಾಟಿನ ಕೆಳಗಿನ ಖಾನೆಯಲ್ಲಿ ಬೆನ್ನು ಹರಿದ ನಾಲ್ಕು ಕಾದಂಬರಿ, ಅದೂ ಯಾರೋ ದಾನ ಕೊಟ್ಟದ್ದು. ಆದರೂ ಸಂಜೆ ಐದರ ಮೇಲೆ ಅಲ್ಲಿ ದೀಪ ಉರಿಯುತ್ತದೆ. ಕೂಲಿ ಮುಗಿಸಿ ಬಂದವರು ಪೇಪರು ಬಿಡಿಸುತ್ತಾರೆ, ಪಕ್ಕದಲ್ಲೇ ಕೇರಂ ನಡೆಯುತ್ತಿರುತ್ತದೆ. ಮನೆಮನೆಗೆ ಪುಸ್ತಕ ಮುಟ್ಟಿಸುವ ಯೋಜನೆಯೂ ಇದೆ. ಅದನ್ನು ನೋಡಿಕೊಳ್ಳುವ ಹೆಂಗಸೊಬ್ಬರು ನಮ್ಮ ಓಣಿಗೆ ಬಟ್ಟೆಚೀಲ ಹೆಗಲಿಗೇರಿಸಿ ಬರುತ್ತಾರೆ. ಅಂಗಳದಲ್ಲೇ ನಿಂತು 'ಹೋದ ಸಲದ್ದು ಮುಗೀತಾ ಅಕ್ಕಾ?' ಎಂದು ಕೇಳಿ, ಚೀಲದಿಂದ ಎರಡು ತೆಗೆದು ತೋರಿಸಿ, ಆರಿಸಿಕೊಂಡದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಬೀಡಿ ಕಟ್ಟುತ್ತಲೇ ಕಾದಂಬರಿಯ ಕಥೆ ಮಾತಾಡಿಕೊಳ್ಳುವವರು ಆ ಓಣಿಯಲ್ಲಿದ್ದಾರೆ. ಮೊಬೈಲ್ ಅವರ ಕೈಯಲ್ಲೂ ಇದೆ.

ಈಗ ಕರ್ನಾಟಕದ ವಿಚಾರ. ಗ್ರಂಥಾಲಯದ ಕಾನೂನು ಮಾಡುವುದರಲ್ಲಿ ಕರ್ನಾಟಕವೇ ಮುಂದು. ಇಲ್ಲಿಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದ್ದು, ಕೇರಳದ್ದು 1989ರದ್ದು. ಆಸ್ತಿ ತೆರಿಗೆಯ ಮೇಲೆ ಕೇರಳದ ಗ್ರಂಥಾಲಯ ಕರ ಶೇ 5, ಇಲ್ಲಿ ಶೇ 6. ಆದರೆ ಕರ್ನಾಟಕದಲ್ಲಿ ವಸೂಲಾದದ್ದು ಗ್ರಂಥಾಲಯಕ್ಕೆ ತಲುಪದೆ ಬಾಕಿ ಉಳಿಯುವ ಸುದ್ದಿಯನ್ನು ಪತ್ರಿಕೆಗಳಲ್ಲೇ ಓದುತ್ತಿದ್ದೇವೆ. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಕೊರೊನಾ ಕಾಲದಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು, ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿದೆ. ಮಗಳ ಮನೆ ಸುಳ್ಯದ ಕಡೆ. ಅಲ್ಲಿಗೆ ಹೋದಾಗೆಲ್ಲ ಅಂಥ ಒಂದು ಕೇಂದ್ರಕ್ಕೆ ಹೋಗಿ ಕೂರುತ್ತೇನೆ. ಚೆಂದದ ಗೋಡೆಚಿತ್ರ, ಕಂಪ್ಯೂಟರು, ಮಕ್ಕಳ ಎತ್ತರಕ್ಕೆ ತಕ್ಕ ಮೇಜು. ಸರ್ಕಾರ ಏನೂ ಮಾಡಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು.

ಆದರೆ ಅಷ್ಟೆಲ್ಲವನ್ನೂ ನೋಡಿಕೊಳ್ಳಲು ಒಬ್ಬರೇ ಮೇಲ್ವಿಚಾರಕಿ. ಕಸ ಗುಡಿಸುವವರು ಅವರೇ, ಪುಸ್ತಕ ಕೊಡುವವರು ಅವರೇ, ಮಕ್ಕಳಿಗೆ ಕಥೆ ಹೇಳಿಸಿ ಅದರ ಫೋಟೊ ಗ್ರೂಪಿಗೆ ಹಾಕುವವರೂ ಅವರೇ. ಅವರಿಗೆ ಜ್ವರ ಬಂದರೆ ಗ್ರಂಥಾಲಯಕ್ಕೂ ಜ್ವರ. ಊರವರನ್ನು ಕೇಳಿದರೆ 'ಅದು ಪಂಚಾಯಿತಿಯದ್ದು' ಎನ್ನುತ್ತಾರೆ. ವ್ಯತ್ಯಾಸ ಇರುವುದು ಇಲ್ಲೇ. ನಮ್ಮ ಕಡೆ ಅದನ್ನು 'ನಮ್ಮದು' ಎನ್ನುತ್ತಾರೆ. ಬಾಗಿಲು ಮುಚ್ಚಿದ್ದರೆ ಸಮಿತಿಯ ಕಾರ್ಯದರ್ಶಿಯ ಮನೆಗೇ ಹೋಗಿ ಜಗಳ ಮಾಡುತ್ತಾರೆ.

ಹಾಗಾಗಿ ಮುಚ್ಚಿ ಎನ್ನುವವರಿಗೂ ಸರ್ಕಾರಕ್ಕೂ ನನ್ನ ಕೋರಿಕೆ ಒಂದೇ: ಕಾಗದದ ಮೇಲಿನ ಸಲಹಾ ಸಮಿತಿ ಸಾಲದು, ಓದುಗರೇ ಆರಿಸಿದ ಸಮಿತಿ ಬರಲಿ. ಅದರಲ್ಲಿ ಸ್ವಸಹಾಯ ಸಂಘದ ಹೆಂಗಸರು, ಕಾಲೇಜು ಮಕ್ಕಳು, ನಮ್ಮಂಥ ನಿವೃತ್ತ ಮಾಸ್ಟ್ರುಗಳು ಇರಲಿ. ವರ್ಷಕ್ಕೆ ಹತ್ತು ರೂಪಾಯಿಯಾದರೂ ಸರಿ, ದೊಡ್ಡವರಿಂದ ಚಂದಾ ತೆಗೆದುಕೊಳ್ಳಿ. ದುಡ್ಡು ಹಾಕಿದವನು ಲೆಕ್ಕ ಕೇಳುತ್ತಾನೆ. ತೆರೆದಿಡುವ ಹೊತ್ತನ್ನು ಕಚೇರಿಯ ಅನುಕೂಲಕ್ಕಲ್ಲ, ತೋಟದಿಂದ, ಶಾಲೆಯಿಂದ ಜನ ಮರಳುವ ಸಮಯಕ್ಕೆ ಹೊಂದಿಸಿ. ಮೇಲ್ವಿಚಾರಕರ ಸಂಬಳ ಮಾತ್ರ ಊರವರ ಚಂದಾದ ಮೇಲೆ ಬೀಳಬಾರದು. ಅದು ಸರ್ಕಾರದ್ದೇ ಹೊಣೆ, ತಿಂಗಳು ತಿಂಗಳು ಸರಿಯಾಗಿ ಬರಬೇಕು.

ನಿಮ್ಮಲ್ಲೂ ಒಂದು ವಿನಂತಿ. ಜೂನ್ 19ರ ಸಂಚಿಕೆಯಲ್ಲಿ ಗಣ್ಯರ ನೆಚ್ಚಿನ ಪುಸ್ತಕಗಳ ಪಟ್ಟಿ ಹಾಕುವ ಬದಲು, ನಿಮ್ಮ ವರದಿಗಾರರನ್ನು ತಾಲ್ಲೂಕಿಗೊಂದು ಪಂಚಾಯಿತಿ ಗ್ರಂಥಾಲಯಕ್ಕೆ ಸಂಜೆ ಐದೂವರೆಗೆ ಕಳಿಸಿ, ಕಂಡದ್ದನ್ನು ಹಾಗೇ ಅಚ್ಚುಹಾಕಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಬದಿಯಡ್ಕ, ಕಾಸರಗೋಡು