ಮಿಕೆಲ್ ಹ್ಯಾನ್ಸನ್ ಬಗ್ಗೆ ಬರೆದ ತಮ್ಮನಿಗೆ

ಪ್ರೀತಿಯ ತಮ್ಮಾ,

ಡೆನ್ಮಾರ್ಕ್‌ನ ಹ್ಯಾಂಡ್‌ಬಾಲ್ ಆಟಗಾರ ಮಿಕೆಲ್ ಹ್ಯಾನ್ಸನ್ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದಿದೆ. ಇಸವಿಗಳೆಲ್ಲ ಸರಿ. 2016ರ ರಿಯೋ ಒಲಿಂಪಿಕ್ಸ್ ಚಿನ್ನ, 2019, 2021, 2023ರಲ್ಲಿ ಸಾಲಾಗಿ ಮೂರು ವಿಶ್ವ ಚಾಂಪಿಯನ್‌ಷಿಪ್, ಮೂರು ಸಲ ವರ್ಷದ ವಿಶ್ವಶ್ರೇಷ್ಠ ಆಟಗಾರ, 2024ರಲ್ಲಿ ಇನ್ನೊಂದು ಒಲಿಂಪಿಕ್ಸ್ ಚಿನ್ನ. ಆದರೆ ಮದುವೆ ಕರೆಯೋಲೆಯ ಕೆಳಗೆ ನೆಂಟರ ಹೆಸರು ಜೋಡಿಸಿದ ಹಾಗಿದೆ. ಯಾರೂ ಬಿಟ್ಟುಹೋಗಿಲ್ಲ, ಯಾರ ಮುಖವೂ ಕಾಣಿಸುವುದಿಲ್ಲ.

ನಾನೂ ಹೀಗೇ ಶುರು ಮಾಡಿದ್ದು ಬಿಡು. ಒಬ್ಬ ಹಳೇ ಪೈಲ್ವಾನರ ಬಗ್ಗೆ ಬರೆದಾಗ, ಗೆದ್ದ ಗದೆಗಳನ್ನೆಲ್ಲ ಲೆಕ್ಕ ಹಾಕಿ ಕೊಟ್ಟಿದ್ದೆ. ಸಂಪಾದಕರು ಹಾಳೆ ವಾಪಸ್ ಕೊಟ್ಟು, "ಅವರ ಕಿವಿ ಹೇಗಿತ್ತು?" ಅಂತ ಕೇಳಿದರು. ನಾನು ನೋಡಿಯೇ ಇರಲಿಲ್ಲ.

ನಮ್ಮ ಓದುಗರಲ್ಲಿ ಜಾಸ್ತಿ ಜನ ಹ್ಯಾಂಡ್‌ಬಾಲ್ ನೋಡಿದ್ದು ಶಾಲೆಯ ಪಿ.ಟಿ. ಪೀರಿಯಡ್ಡಿನಲ್ಲಿ, ಅಷ್ಟೇ. ಮೊದಲು ಅವರಿಗೆ ಆಟ ಕಾಣಿಸು. ಗೋಲಿನ ಮುಂದೆ ಆರು ಮೀಟರ್ ಗೆರೆ. ಅದರೊಳಗೆ ಗೋಲ್‌ಕೀಪರನ್ನು ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. ಚೆಂಡು ಹಿಡಿದರೆ ಮೂರೇ ಹೆಜ್ಜೆ. ಎದುರಿಗೆ ಕೈ ಎತ್ತಿ ಗೋಡೆ ಥರ ನಿಂತ ಆಳುಗಳು. ಒಂದೇ ಕೈಯಲ್ಲಿ ಚೆಂಡು ನಿಲ್ಲಲಿ ಅಂತ ಬೆರಳಿಗೆ ರಾಳದ ಅಂಟು ಹಚ್ಚಿಕೊಳ್ಳುತ್ತಾರೆ. ಹ್ಯಾನ್ಸನ್ ಎಡಗಡೆಯ ಬ್ಯಾಕ್, ಅಂದರೆ ಎಡಗಡೆ ಹಿಂದಿನಿಂದ ದಾಳಿ ಮಾಡುವವ. ಉದ್ದ ಕೂದಲು, ತಲೆಗೆ ಪಟ್ಟಿ. ಈಗ ಎಗರಿ ಹೊಡೆಯುತ್ತಾನೆ ಅಂತ ಎಲ್ಲರೂ ಕಾದಿರುವಾಗ, ಎಗರದೆ, ಎದುರಾಳಿಯ ಸೊಂಟದ ಪಕ್ಕದಲ್ಲೇ ಚೆಂಡು ತೂರಿಸಿಬಿಡುತ್ತಿದ್ದ. ಇದು ನಿನ್ನ ಲೇಖನದಲ್ಲಿ ಎಲ್ಲೂ ಇಲ್ಲ. "ದಂತಕಥೆ" ಮಾತ್ರ ಆರು ಸಲ ಇದೆ.

ಇನ್ನು ನೀನು ಒಂದೇ ಸಾಲಲ್ಲಿ ದಾಟಿಸಿದ 2023. ಜನವರಿ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಫ್ರಾನ್ಸನ್ನು ಸೋಲಿಸಿ ಮೂರನೇ ವಿಶ್ವಕಿರೀಟ. ಅದಾಗಿ ಕೆಲವೇ ವಾರಗಳಲ್ಲಿ ಆತ ಮಾನಸಿಕ ಒತ್ತಡದಿಂದ ರಜೆ ಹಾಕಿದ. ಹತ್ತು ವರ್ಷ ಪ್ಯಾರಿಸ್‌ನಲ್ಲಿ ಆಡಿ, 2022ರಲ್ಲಷ್ಟೇ ಆಲ್ಬೋರ್ಗ್ ಕ್ಲಬ್ ಸೇರಿ ತನ್ನ ದೇಶಕ್ಕೆ ಮರಳಿದ್ದ. ಹ್ಯಾಂಡ್‌ಬಾಲ್ ಅಂದರೆ ಪ್ರಾಣ ಬಿಡುವ ದೇಶ ಅದು. ಅಲ್ಲಿ ಅಷ್ಟು ದೊಡ್ಡ ಆಟಗಾರ "ಈಗ ಆಗುತ್ತಿಲ್ಲ" ಅಂತ ಪಕ್ಕಕ್ಕೆ ಸರಿಯುವುದು ಸಣ್ಣ ಮಾತಲ್ಲ, ಅಲ್ವಾ? ಹಾಗಂತ ಆತನ ತಲೆಯೊಳಗೆ ಹೊಕ್ಕು ಅಳು, ನಿದ್ದೆಗೆಟ್ಟ ರಾತ್ರಿ ಎಲ್ಲ ಸುಮ್ನೆ ಕಟ್ಟಬೇಡ. ಪಂದ್ಯಗಳು ನಡೆದವು, ಆತ ಅಂಗಳದಲ್ಲಿ ಇರಲಿಲ್ಲ. ಅಷ್ಟು ಬರೆ ಸಾಕು.

ಯುರೋಪಿನ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗನ್ನು ಪೂರಾ ಬಿಟ್ಟಿದ್ದೀಯ. ಗೆಲ್ಲಲಿಲ್ಲ ಅಂತ ತಾನೇ? 2017ರ ಫೈನಲ್‌ನಲ್ಲಿ ಪ್ಯಾರಿಸ್ ತಂಡ ಮ್ಯಾಸಿಡೋನಿಯಾದ ವಾರ್ದಾರ್ ಕ್ಲಬ್ ಎದುರು 24–23ರಿಂದ ಸೋತಿತು, ಕೊನೇ ಗಳಿಗೆಯ ಗೋಲಿಗೆ. 2024ರ ಜೂನ್‌ನಲ್ಲಿ ಆಲ್ಬೋರ್ಗ್ ಬಾರ್ಸಿಲೋನಾ ಎದುರು 31–30ರಿಂದ ಸೋತಿತು. ಎರಡೂ ಜರ್ಮನಿಯ ಕಲೋನ್‌ನಲ್ಲಿ, ಎರಡೂ ಒಂದೇ ಗೋಲಿನಿಂದ. ಅದಾಗಿ ಎರಡು ತಿಂಗಳಿಗೆ ಫ್ರಾನ್ಸಿನ ಲಿಲ್‌ನಲ್ಲಿ ಒಲಿಂಪಿಕ್ಸ್ ಫೈನಲ್, ಆತನ ಕಟ್ಟಕಡೆಯ ಪಂದ್ಯ. ಜರ್ಮನಿ ಎದುರು 39–26. ಒಂದು ಗೋಲಿಗೆ ಒದ್ದಾಡಿದವನಿಗೆ ಹದಿಮೂರು ಗೋಲಿನ ಗೆಲುವು! ನಾನಾಗಿದ್ದರೆ ಜೂನ್‌ನ ಆ ಸೋಲಿನಿಂದಲೇ ಶುರು ಮಾಡುತ್ತಿದ್ದೆ. ಪದಕಗಳು ಹೇಗೂ ದಾರಿಯಲ್ಲಿ ಸಿಗುತ್ತವೆ.

ತಿದ್ದಿ ಕಳಿಸು, ಅವಸರವಿಲ್ಲ. ಅಂದಹಾಗೆ, ಆತ ಹುಟ್ಟಿದ್ದು ಹೆಲ್ಸಿಂಗೋರ್‌ನಲ್ಲಿ. ನೀನು ಹೆಲ್ಸಿಂಕಿ ಅಂತ ಬರೆದಿದ್ದೀಯ. ಅದು ಬೇರೆ ದೇಶ ಕಣೋ.

ಇಂತಿ,
ನಿನ್ನ ಅಣ್ಣ