ಸಂಕ, ಹಲಸು, ಚೌಡಿಕಟ್ಟೆ

ಚಿ. ಸೌ. ಸುಮಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮಂಗಳವಾರ ಕೈಸೇರಿತು. ಮನೆ ಸಾಲ, ಅಳಿಯಂದಿರ ವರ್ಗಾವಣೆ ಎಲ್ಲ ಓದಿಕೊಂಡೆ; ಅವು ಹೇಗೋ ದಡ ಸೇರುತ್ತವೆ. ಆದರೆ ಶರಾವತಿಯ ಹಿನ್ನೀರಿಗೆ ಕಟ್ಟಿದ ಸಿಗಂದೂರಿನ ಹೊಸ ಸೇತುವೆಯ ಮೇಲೆ ಪುಟ್ಟ ‘ನಮ್ಮೂರು ಎಲ್ಲಿ?’ ಎಂದು ಕೇಳಿದ್ದಕ್ಕೆ ನೀನು ನೀರು ತೋರಿಸಿದೆಯಂತೆ. ‘ಊರು ಇದ್ದದ್ದೇ ಸುಳ್ಳೇನೋ ಅನ್ನಿಸಿಬಿಟ್ಟಿತು ದೊಡ್ಡಪ್ಪ’ ಎಂದು ಬರೆದಿದ್ದೀಯ. ಆ ಸಾಲಿನ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇತ್ತು, ಮಗಳೇ. ಏಳು ಮನೆಗಳಿದ್ದವು. ಸರ್ಕಾರದ ಲೆಕ್ಕಕ್ಕೆ ಅದು ಗ್ರಾಮವಲ್ಲ, ದೊಡ್ಡ ಗ್ರಾಮವೊಂದರ ಮಜರೆ. ಶಾಲೆಯಿಲ್ಲ, ಚಾವಡಿಯಿಲ್ಲ. ಬರುವ ನೆಂಟರಿಗೆ ದಾರಿ ಹೇಳುತ್ತಿದ್ದದ್ದು ಹೀಗೆ: ಸಂಕ ದಾಟಿ, ಬಕ್ಕೆ ಹಲಸಿನ ಮರದ ಹತ್ತಿರ ಬಲಕ್ಕೆ ತಿರುಗಿ, ಚೌಡಿಕಟ್ಟೆ ಕಂಡರೆ ದಣಪೆ ಸರಿಸಿ ಒಳಗೆ ಬನ್ನಿ. ಸಂಕವೆಂದರೆ ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು. ಮಳೆಗಾಲಕ್ಕೊಮ್ಮೆ ಕೊಚ್ಚಿಕೊಂಡು ಹೋಗುತ್ತಿತ್ತು. ಮತ್ತೆ ಹಾಕುವ ಸರದಿ ಮನೆಗೊಂದು ವರ್ಷ. ಚೌಡಿಗೆ ಮುಖ ಮೂಗು ಏನೂ ಇರಲಿಲ್ಲ. ಮೊಣಕಾಲೆತ್ತರದ ಕಲ್ಲು, ಎಣ್ಣೆ ಕುಡಿದು ಕುಡಿದು ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು.

1948ರಲ್ಲಿ ಮಡೆನೂರಿನ ಅಣೆಕಟ್ಟು ಮುಗಿದಾಗಲೇ ಹೊಳೆಯಂಚಿನ ಗದ್ದೆ ಹೋಗಿತ್ತು. ಉಳಿದದ್ದರಲ್ಲಿ ಅಪ್ಪ ಗೇಣಿ ಮಾಡುತ್ತಿದ್ದರು. 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಮೇಲೆ ಸತ್ಯಾಗ್ರಹ ಎದ್ದಾಗ ಅವರೂ ಹೋಗಿ ಬಂದವರೇ. ನೆಲ ನಮ್ಮದಾಗಬಹುದು ಎಂಬ ಆಸೆ ಚಿಗುರುವಷ್ಟರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಸುದ್ದಿ ಬಂತು. 1964ರಲ್ಲಿ ಮುಗಿದ ಆ ಅಣೆಕಟ್ಟು ಮಡೆನೂರಿನ ಅಣೆಕಟ್ಟನ್ನೇ ನುಂಗಿತು. ನಮ್ಮ ಚೌಡಿ ಯಾವ ಲೆಕ್ಕ?

ಈಗ ನಿನಗೆ ಯಾರೂ ಹೇಳದ ಒಂದು ಮಾತು. ಪರಿಹಾರಕ್ಕೆ ಪಟ್ಟಿ ಬರೆದು ಕೊಡಬೇಕಾಗಿ ಬಂದಾಗ ನಾನು ಎಂಟನೆಯ ತರಗತಿ, ಅಕ್ಷರ ದುಂಡಗಿದ್ದವು. ಏಳೂ ಮನೆಗಳ ಪಟ್ಟಿ ಬರೆದವನು ನಾನೇ. ಅಡಿಕೆ ಮರ ಇಷ್ಟು, ತೆಂಗು ಇಷ್ಟು, ಬಾವಿ ಒಂದು. ಅಮ್ಮಮ್ಮ ಜಗುಲಿಯಲ್ಲಿ ಅಡಿಕೆ ಸುಲಿಯುತ್ತ, ‘ಸಂಕ ಬರಿ, ಚೌಡಿಕಟ್ಟೆ ಬರಿ’ ಎಂದರು. ‘ಅದಕ್ಕೆಲ್ಲ ದುಡ್ಡು ಬರುವುದಿಲ್ಲ ಅಮ್ಮಮ್ಮ’ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಗ್ರಾಮ ಎಂಬಲ್ಲಿ ದೊಡ್ಡ ಗ್ರಾಮದ ಹೆಸರು ಬರೆದೆ. ನಮ್ಮ ಊರಿನ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದಿದ್ದರೆ ಯಾರು ಕೈ ಹಿಡಿಯುತ್ತಿದ್ದರು? ಸುಳ್ಳು ಅನ್ನಿಸಿತು ಎಂದು ನೀನು ಬರೆದಾಗ ನನಗೆ ಚುಚ್ಚಿದ್ದು ಅದಕ್ಕೆ. ನೀರು ಬರುವ ಮೊದಲೇ ಊರನ್ನು ಬಿಟ್ಟುಬಿಟ್ಟದ್ದು ನನ್ನ ಲೇಖನಿ.

ಲಾರಿಯಲ್ಲಿ ತಂದು ನಮ್ಮನ್ನು ಇಳಿಸಿದ ಈ ಕಾಡಿನ ಜಾಗವೂ ದಾಖಲೆಯಲ್ಲಿ ಇನ್ನೂ ಅರಣ್ಯವೆಂದೇ ಇದೆ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂದು ನಿನಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ ಬಿಡು.

ನಾನು ಈಗಲೂ ಪತ್ರಿಕೆಯಲ್ಲಿ ಮೊದಲು ನೋಡುವುದು ಜಲಾಶಯಗಳ ಮಟ್ಟ. ಲಿಂಗನಮಕ್ಕಿ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ಅಂಕಿ ಇಳಿದ ಹಾಗೆ ಮನಸ್ಸಿನಲ್ಲಿ ಒಂದೊಂದೇ ಕಾಣಿಸುತ್ತದೆ: ಮೊದಲು ಹಲಸು, ಆಮೇಲೆ ಕಟ್ಟೆ. ನಿನ್ನ ದೊಡ್ಡಮ್ಮನಿಗೆ ಇದು ಹುಚ್ಚು. ಮಳೆ ಕೈಕೊಟ್ಟ ವರ್ಷ ಮಡೆನೂರಿನ ಅಣೆಕಟ್ಟು ಮೇಲೆದ್ದರೆ ಜನ ಫೋಟೊ ತೆಗೆಯಲು ಹೋಗುತ್ತಾರೆ. ನಾನು ಒಮ್ಮೆಯೂ ಹೋಗಲಿಲ್ಲ. ಮಂಡಿನೋವು ಎಂದು ಹೇಳುತ್ತೇನೆ.

ನಿನಗೆ ಏನು ಹೇಳಲಿ? ಭೂದಾಖಲೆಗಳ ಕಚೇರಿಯಲ್ಲಿ ಹಳೆಯ ಗ್ರಾಮ ನಕಾಶೆ ಕೇಳಿ ನೋಡು. ಅವುಗಳಲ್ಲಿ ಹಳ್ಳ, ಬಾವಿ, ಬಂಡಿದಾರಿಗಳಿಗೆ ಗುರುತು ಇರುತ್ತದೆ. ಇದಕ್ಕೆಂದು ರಜೆ ಹಾಕಬೇಡ, ಆಗುವುದಾದರೆ ಆಗಲಿ. ನೀರು ಇಳಿದಾಗ ಪುಟ್ಟನನ್ನು ಕರೆದುಕೊಂಡು ಹೋಗುವುದಾದರೆ ಹೂಳಿನ ಮೇಲೆ ಬಿಡಬೇಡ, ಮೇಲೆ ಬಿರುಕು ಬಿಟ್ಟಿದ್ದರೂ ಕೆಳಗೆ ಕಾಲು ಹೂತುಹೋಗುತ್ತದೆ. ಅಮ್ಮಮ್ಮ ತಂದ ಕೊಳಗ ನಮ್ಮ ಅಟ್ಟದ ಮೇಲಿದೆ. ಬೇಕಿದ್ದರೆ ಒಯ್ಯಿ, ಬೆಂಗಳೂರಿನ ಮನೆಯಲ್ಲಿ ಅದನ್ನು ಎಲ್ಲಿಡುತ್ತೀಯೋ ತಿಳಿಯದು.

ಲಕೋಟೆಯ ಹಿಂದೆ ‘ಇಂದ’ ಎಂಬಲ್ಲಿ ಈ ಸಲ ಆ ಊರಿನ ಹೆಸರನ್ನೇ ಬರೆದಿದ್ದೇನೆ. ಕೈ ನಡುಗುತ್ತದೆ, ಅಕ್ಷರ ಮೊದಲಿನಂತೆ ದುಂಡಗಿಲ್ಲ. ಪುಟ್ಟನಿಗೆ ಓದಲು ಬಾರದಿದ್ದರೆ ಫೋನು ಮಾಡಿಸು.

ನಿನ್ನ
ದೊಡ್ಡಪ್ಪ